ನನ್ನ ಗಂಟಲು ನೋವು, ಮಗಳ ಗಂಟಲು ನೋವು

ನನ್ನ ಹೃದಯದ ಎಡಭಾಗದ ಒಂದು ಕವಾಟ ಸರಿಯಾಗಿ ಮುಚ್ಚುವುದಿಲ್ಲ. ಮುಂದೆ ಹೋಗಬೇಕಾದ ರಕ್ತದಲ್ಲಿ ಸ್ವಲ್ಪ ಹಿಂದಕ್ಕೆ ಸೋರುತ್ತದೆ. ಇದನ್ನು ಕೇಳಿದ ಕೂಡಲೇ ಜನ ನನಗೆ ಕುರ್ಚಿ ಎಳೆದು ಕೊಡುತ್ತಾರೆ, ಕೈಯಲ್ಲಿದ್ದ ಚೀಲ ಇಸಿದುಕೊಳ್ಳುತ್ತಾರೆ. ನಾನು ಚೀಲ ವಾಪಸ್ ತೆಗೆದುಕೊಳ್ಳುತ್ತೇನೆ. ಹೊನ್ನಾವರದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ದಿನವಿಡೀ ಟೈಪ್ ಮಾಡುತ್ತೇನೆ, ಸಂಜೆ ಮೀನು ಮಾರ್ಕೆಟ್ಟಿಗೆ ನಡೆದೇ ಹೋಗುತ್ತೇನೆ, ಒಂದು ಮಗು ಹೆತ್ತಿದ್ದೇನೆ. ಇಪ್ಪತ್ತೊಂದು ದಿನಕ್ಕೊಮ್ಮೆ ಸೊಂಟಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಂಡು ಎರಡು ದಿನ ಕುಂಟುತ್ತೇನೆ. ಹನ್ನೊಂದನೇ ವಯಸ್ಸಿನಿಂದ ಹೀಗೇ ನಡೆದಿದೆ. ಈಗ ನನಗೆ ಮೂವತ್ತನಾಲ್ಕು.

ಇದೆಲ್ಲ ಶುರುವಾದದ್ದು ಒಂದು ಗಂಟಲು ನೋವಿನಿಂದ.

ನಮ್ಮ ಊರು ಭಟ್ಕಳ ತಾಲೂಕಿನ ಬೆಳಕೆ. ಅಪ್ಪ ಕಲ್ಲು ಕಟ್ಟುವ ಮೇಸ್ತ್ರಿ. ಆ ಕಡೆಯ ಎಷ್ಟೋ ಮನೆಗಳ ಚಿರೆಕಲ್ಲಿನ ಗೋಡೆ ಅವರದೇ ಕೈಯಿಂದ ಎದ್ದದ್ದು. ಅಮ್ಮ ಮನೆ, ಗದ್ದೆ, ಎರಡು ಎಮ್ಮೆ ನೋಡಿಕೊಳ್ಳುತ್ತಿದ್ದಳು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಚೌತಿ ಮುಗಿದ ವಾರ ಒಂದು ದಿನ ಶಾಲೆಯಿಂದ ಬರುವಷ್ಟರಲ್ಲಿ ಮೈ ಕಾದಿತ್ತು. ಉಗುಳು ನುಂಗಿದರೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ. ಕೆಮ್ಮು ಇರಲಿಲ್ಲ, ಮೂಗು ಸೋರಲಿಲ್ಲ. ಇವೆರಡೂ ಇಲ್ಲದ್ದೇ ದೊಡ್ಡ ಸುಳಿವು ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಕಾಳುಮೆಣಸು, ಶುಂಠಿ, ತುಳಸಿ, ಬೆಲ್ಲ ಹಾಕಿ ಕಷಾಯ ಮಾಡಿದಳು, ಉಪ್ಪುನೀರು ಮುಕ್ಕಳಿಸಲು ಹೇಳಿದಳು. ನಾಲ್ಕನೇ ದಿನಕ್ಕೆ ಜ್ವರ ಇಳಿಯಿತು. ಐದನೇ ದಿನ ನಾನು ಶಾಲೆಗೆ ಹೋದೆ. ಎಲ್ಲರೂ ಅದನ್ನು ಮರೆತರು.

ಎರಡು ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಲಮೊಣಕಾಲು ಊದಿಕೊಂಡಿತ್ತು. ಮುಟ್ಟಿದರೆ ಬಿಸಿ. ಎಲ್ಲೋ ಬಿದ್ದಿರಬೇಕು ಎಂದು ಅಮ್ಮ ಎಣ್ಣೆ ತಿಕ್ಕಿದಳು. ಮೂರು ದಿನದಲ್ಲಿ ಮೊಣಕಾಲು ಸರಿಯಾಯಿತು, ಆದರೆ ಎಡಗಾಲಿನ ಗಿಣ್ಣು ಹಿಡಿಯಿತು. ಅದು ಬಿಡುವಷ್ಟರಲ್ಲಿ ಮೊಣಕೈ. ಊದಿದ ಜಾಗವನ್ನು ನಾಳೆ ತೋರಿಸೋಣ ಎಂದರೆ ನಾಳೆ ಅಲ್ಲಿ ಏನೂ ಇರುತ್ತಿರಲಿಲ್ಲ, ನೋವು ಬೇರೆ ಕಡೆ ಹೋಗಿರುತ್ತಿತ್ತು. ಡ್ರಿಲ್ ಮಾಡಿಸುವ ಮಾಸ್ತರರು ಎಲ್ಲರ ಎದುರಿಗೆ, ನಿನ್ನೆ ಎಡಗಾಲು ಇವತ್ತು ಬಲಗೈ, ನಾಳೆ ಎಲ್ಲಿಗೆ ಬರ್ತದೆ ಎಂದು ಈಗಲೇ ಹೇಳು ಎಂದರು. ಮಕ್ಕಳು ನಕ್ಕರು. ಅಮ್ಮನಿಗೂ ಅನುಮಾನ ಬಂತು. ಶಾಲೆ ತಪ್ಪಿಸಲು ನಾಟಕ ಮಾಡುತ್ತೇನೋ ಎಂದು ನನ್ನ ಮುಖವನ್ನೇ ಒಂದು ಗಳಿಗೆ ನೋಡುತ್ತಿದ್ದಳು. ನೋವಿಗಿಂತ ನಾನು ಅತ್ತದ್ದು ಆ ನೋಟಕ್ಕೆ.

ಕಡೆಗೆ ನಂಬಿಸಿದ್ದು ನನ್ನ ಉಸಿರು. ಬಾವಿಯಿಂದ ಸಣ್ಣ ಕೊಡ ತರುವಾಗ ನಾಲ್ಕು ಮೆಟ್ಟಿಲು ಹತ್ತಲಾಗದೆ ಕುಳಿತೆ. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಲಂಗದ ಮೇಲಿನ ರವಿಕೆ ಕುಣಿಯುವುದು ಅಪ್ಪನಿಗೆ ದೂರದಿಂದಲೇ ಕಂಡಿತಂತೆ. ಅವರು ಆ ದಿನದ ಕೆಲಸ ಅಲ್ಲಿಗೇ ಬಿಟ್ಟು, ಕೈಗೆ ಮೆತ್ತಿದ ಸಿಮೆಂಟನ್ನೂ ತೊಳೆಯದೆ ನನ್ನನ್ನು ಎತ್ತಿಕೊಂಡು ರಸ್ತೆಗೆ ಬಂದರು, ಹಿಂದೆಯೇ ಅಮ್ಮ.

ಭಟ್ಕಳದ ಆ ದವಾಖಾನೆಯ ಬೆಂಚು ನನಗೆ ಇವತ್ತಿಗೂ ನೆನಪಿದೆ. ಹಸಿರು ಬಣ್ಣದ, ಒಂದು ಕಾಲು ಗಿಡ್ಡಾದ ಮರದ ಬೆಂಚು. ಮೂವತ್ತು ಜನ ಕಾಯುತ್ತಿದ್ದರು. ನಾನು ಒರಗಿದರೆ ಉಸಿರು ಸಿಗುತ್ತಿರಲಿಲ್ಲ, ಮುಂದಕ್ಕೆ ಬಾಗಿಯೇ ಕೂರಬೇಕಿತ್ತು. ಪಕ್ಕದಲ್ಲಿ ಬುರ್ಖಾ ಹಾಕಿದ ಹೆಂಗಸೊಬ್ಬಳು ತನ್ನ ಎಳೆಕೂಸಿನೊಡನೆ ಕುಳಿತಿದ್ದಳು. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು, ತನ್ನ ನವಾಯತಿ ಭಾಷೆಯಲ್ಲಿ ತನ್ನ ಜೊತೆಗಿದ್ದವಳಿಗೆ ಏನೋ ಹೇಳಿದಳು, ಆಮೇಲೆ ಎದ್ದು ಹೋಗಿ ಕಂಪೌಂಡರಿಗೆ ತನ್ನ ಚೀಟಿ ಕೊಟ್ಟು, ತನ್ನ ಪಾಳಿ ಈ ಹುಡುಗಿಗೆ ಇರಲಿ, ತಾನು ಆಮೇಲೆ ಬರುತ್ತೇನೆ ಎಂದಳು. ಅವಳ ಕೂಸಿಗೂ ಜ್ವರವಿತ್ತು. ಅವಳ ಹೆಸರು ಕೇಳುವಷ್ಟು ವ್ಯವಧಾನ ನಮಗೆ ಯಾರಿಗೂ ಇರಲಿಲ್ಲ.

ಡಾಕ್ಟ್ರು ಸ್ಟೆತಸ್ಕೋಪನ್ನು ಎದೆಯ ಮೇಲೆ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕೇಳಿದ್ದು ಕಾಲಿನ ಬಗ್ಗೆಯೂ ಅಲ್ಲ, ಉಸಿರಿನ ಬಗ್ಗೆಯೂ ಅಲ್ಲ.

“ಒಂದು ತಿಂಗಳ ಹಿಂದೆ ಇವಳಿಗೆ ಗಂಟಲು ನೋವು ಬಂದಿತ್ತಾ?”

ಅಪ್ಪ ಇಲ್ಲ ಎಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಅಮ್ಮ ನೆಲ ನೋಡುತ್ತಿದ್ದಳು. ನಾನೇ ಹೇಳಿದೆ, ಬಂದಿತ್ತು, ಜ್ವರವೂ ಇತ್ತು, ಕಷಾಯ ಕುಡಿದು ಗುಣವಾಯಿತು. ಡಾಕ್ಟ್ರು ತಲೆಯಾಡಿಸಿ ಬರೆಯತೊಡಗಿದರು. ಗಂಟಲಿಗೆ ಬಂದದ್ದು ಒಂದು ಜಾತಿಯ ಬ್ಯಾಕ್ಟೀರಿಯಾ. ಅದರ ಮೇಲೆ ಯುದ್ಧಕ್ಕೆ ನಿಂತ ನನ್ನ ಮೈ ಗುರಿ ತಪ್ಪಿ ನನ್ನದೇ ಕೀಲುಗಳನ್ನೂ ಹೃದಯದ ಕವಾಟವನ್ನೂ ಹೊಡೆದಿದೆ. ಕೀಲು ಸರಿಯಾಗುತ್ತದೆ, ಕವಾಟದ ಮೇಲೆ ಕಲೆ ಉಳಿಯುತ್ತದೆ. ಅದೇ ಬ್ಯಾಕ್ಟೀರಿಯಾ ಇನ್ನೊಮ್ಮೆ ಗಂಟಲಿಗೆ ಬಂದರೆ ಕಲೆ ದೊಡ್ಡದಾಗುತ್ತದೆ, ಹಾಗೆ ಬರದಂತೆ ವರ್ಷಗಟ್ಟಲೆ ಇಂಜೆಕ್ಷನ್ ಹಾಕಿಸಬೇಕು. ಇಷ್ಟನ್ನು ಅವರು ಅಪ್ಪನಿಗೆ ಎರಡು ಸಲ ಹೇಳಿದರು. ಅಮ್ಮ ಬಸ್ಸಿನಲ್ಲಿ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಳು.

ಮಂಗಳೂರಿನಲ್ಲಿ ಹೃದಯದ ಪರೀಕ್ಷೆಗಳಾದವು. ಎರಡು ತಿಂಗಳು ಹಾಸಿಗೆಯಿಂದ ಏಳಬಾರದು ಎಂದರು. ಹೊಟ್ಟೆ ಉರಿಸುವ ಮಾತ್ರೆ ದಿನಕ್ಕೆ ನಾಲ್ಕು ಸಲ. ಡ್ರಿಲ್ ಮಾಸ್ತರರು ಒಂದು ಭಾನುವಾರ ಸೈಕಲ್ಲಿನಲ್ಲಿ ಬಂದು, ಜಗಲಿಯಲ್ಲಿ ಚಾ ಕುಡಿದು, ಹೋಗುವಾಗ ನನ್ನ ಹಾಸಿಗೆಯ ಹತ್ತಿರ ನಿಂತು, ತಪ್ಪಾಯ್ತು ಮಗಾ ಎಂದರು. ದೊಡ್ಡವರು ಹಾಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಇನ್ನು ಇಂಜೆಕ್ಷನ್. ಹಾಕಿಸಿಕೊಂಡವರಿಗೆ ಗೊತ್ತು, ಇದು ಸಾಮಾನ್ಯ ಇಂಜೆಕ್ಷನ್ ಅಲ್ಲ. ಸಣ್ಣ ಬಾಟಲಿಯಲ್ಲಿ ಬಿಳಿ ಪುಡಿ, ಅದಕ್ಕೆ ನೀರು ಸೇರಿಸಿ ಅಲ್ಲಾಡಿಸಿದರೆ ಗಂಜಿತಿಳಿಯಷ್ಟು ಮಂದ. ದಪ್ಪ ಸೂಜಿ ಬೇಕು. ನಿಧಾನ ಮಾಡಿದರೆ ಸೂಜಿಯಲ್ಲೇ ಕಟ್ಟಿಕೊಂಡು ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕು. ಪ್ರತಿ ಸಲವೂ ಮೊದಲು ಮುಂಗೈ ಮೇಲೆ ಒಂದು ಹನಿ ಪರೀಕ್ಷೆ, ಅರ್ಧ ಗಂಟೆ ಕಾಯುವುದು, ಕೆಂಪಾಗದಿದ್ದರೆ ಆಮೇಲೆ ದೊಡ್ಡದು. ಆ ಅರ್ಧ ಗಂಟೆ ಚುಚ್ಚುವುದಕ್ಕಿಂತ ಕಷ್ಟ. ಮೊದಲ ವರ್ಷ ನಾನು ಆ ಹೊತ್ತಿನಲ್ಲಿ ಎರಡು ಸಲ ಆಸ್ಪತ್ರೆಯ ಗೇಟಿನವರೆಗೆ ಓಡಿದ್ದೇನೆ.

ನನ್ನನ್ನು ಹಿಡಿದು ನಿಲ್ಲಿಸಿದವರು ಲವೀನಾ ಸಿಸ್ಟರ್. ಹೊನ್ನಾವರ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ದಿನಾ ಬಸ್ಸಿನಲ್ಲಿ ಭಟ್ಕಳಕ್ಕೆ ಬಂದು ಹೋಗುತ್ತಿದ್ದರು. ಬಾಟಲಿಯನ್ನು ಎರಡೂ ಅಂಗೈ ನಡುವೆ ಇಟ್ಟು ಬೆಚ್ಚಗಾಗುವವರೆಗೆ ಉರುಳಿಸುತ್ತಿದ್ದರು, ತಣ್ಣಗಿದ್ದರೆ ಹೆಚ್ಚು ನೋಯುತ್ತದೆ ಎಂದು. ಚುಚ್ಚುವಾಗ ಕಾಲಿನ ಹೆಬ್ಬೆರಳು ಅಲ್ಲಾಡಿಸುತ್ತಿರು ಎನ್ನುತ್ತಿದ್ದರು. ನೋಯುವುದಿಲ್ಲ ಎಂದು ಒಮ್ಮೆಯೂ ಸುಳ್ಳು ಹೇಳಲಿಲ್ಲ. ನೋಯ್ತದೆ, ಹತ್ತು ಎಣಿಸುವವರೆಗೆ ನೋಯ್ತದೆ ಎಂದು ಹೇಳಿ, ತಾವೇ ಕೊಂಕಣಿಯಲ್ಲಿ ಎಣಿಸುತ್ತಿದ್ದರು. ನಾನು ಹತ್ತರವರೆಗೆ ಕೊಂಕಣಿ ಕಲಿತದ್ದು ಹಾಗೆ.

ಹೈಸ್ಕೂಲು ಮುಗಿಯುವಷ್ಟರಲ್ಲಿ ಆ ಇಂಜೆಕ್ಷನ್ ಮೇಲೆ ನನಗೆ ಭಯ ಹೋಗಿ ಭಕ್ತಿ ಬಂದಿತ್ತು. ನನ್ನನ್ನು ಕಾಯುವುದು ಅದೇ. ಅದು ಮೈಯಲ್ಲಿರುವಷ್ಟು ದಿನ ಯಾವ ಜ್ವರವೂ ನನ್ನ ಹತ್ತಿರ ಬರುವುದಿಲ್ಲ ಎಂದು ನಂಬಿದ್ದೆ. ಆ ನಂಬಿಕೆ ಮುರಿದದ್ದು ಡಿಗ್ರಿಯ ಕೊನೆಯ ವರ್ಷ, ಪರೀಕ್ಷೆಗೆ ಐದು ದಿನ ಇರುವಾಗ.

ಆ ವಾರ ಕಾಲೇಜಿನಲ್ಲಿ ಅರ್ಧ ಜನಕ್ಕೆ ಜ್ವರ. ನನಗೂ ಮೂಗು ಸೋರಿತು, ಕೆಮ್ಮು ಬಂತು, ಸಂಜೆಗೆ ಗಂಟಲು ಕಟ್ಟಿತು. ಗಂಟಲು ಎಂದ ಕೂಡಲೇ ಕ್ಯಾಲೆಂಡರ್ ನೋಡಿದೆ. ಹಿಂದಿನ ಇಂಜೆಕ್ಷನ್ ಆಗಿ ಒಂಬತ್ತೇ ದಿನ. ಮರುದಿನ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಹೋಗಿ ಲವೀನಾ ಸಿಸ್ಟರ್ ಮುಂದೆ ನಿಂತು, ಮುಂದಿನ ಇಂಜೆಕ್ಷನ್ ಇವತ್ತೇ ಹಾಕಿ ಎಂದೆ. ಅವರು ಡಾಕ್ಟ್ರಿಗೆ ತೋರಿಸಿದರು. ಡಾಕ್ಟ್ರು ಗಂಟಲು, ಕಿವಿ, ಎದೆ ಎಲ್ಲ ನೋಡಿ, ಇದು ವೈರಸ್ಸಿನ ಜ್ವರ, ಪೆನಿಸಿಲಿನ್ ಬೇಡ, ಉಸಿರು ಕಟ್ಟಿದರೆ ಅಥವಾ ಜ್ವರ ಬಿಡದಿದ್ದರೆ ತಡಮಾಡದೆ ಬಾ ಎಂದು ಕಳಿಸಿದರು. ನಾನು ಹೊರಗೆ ಬಂದು ಸಿಸ್ಟರ್ ಹತ್ತಿರ ಜಗಳಕ್ಕೆ ನಿಂತೆ. ಒಂಬತ್ತು ವರ್ಷ ನೋವು ತಿಂದದ್ದು ಇಂಥ ದಿನಕ್ಕೇ ಅಲ್ಲವಾ ಎಂದೆ. ಅಪ್ಪನೂ, ಹಾಕಿದ್ರೆ ಹಾಳೆಂತ, ಹಾಕ್ಬಿಡಿ ಎಂದರು.

ಸಿಸ್ಟರ್ ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು.

“ಮೇಸ್ತ್ರಿಗಳೇ, ನೀವು ಗೋಡೆ ಎಬ್ಬಿಸ್ತಾ ಇರುವಾಗ ಯಾರಾದ್ರೂ ಬಂದು ಸಿಮೆಂಟು ಕಲೆಸೂಕೇ ಬಿಡದಿದ್ರೆ ಎಂತ ಆಗ್ತದೆ?”

“ಬರೀ ಕಲ್ಲು ಇಟ್ಟ ಹಾಗೆ. ದೂಡಿದ್ರೆ ಬೀಳ್ತದೆ.”

“ಬ್ಯಾಕ್ಟೀರಿಯಾಕ್ಕೆ ಮೈಸುತ್ತ ಒಂದು ಗೋಡೆ ಅದೆ. ಅದು ಬೆಳೀಬೇಕಾದ್ರೆ, ಒಂದು ಹೋಗಿ ಎರಡಾಗ್ಬೇಕಾದ್ರೆ, ಗೋಡೆ ಹೊಸದಾಗಿ ಕಟ್ತಾನೇ ಇರ್ಬೇಕು. ಈ ಪೆನಿಸಿಲಿನ್ ಅದಕ್ಕೆ ಸಿಮೆಂಟು ಕಲೆಸೂಕೆ ಬಿಡೂದಿಲ್ಲ. ಗೋಡೆ ಒಡೀತದೆ, ಅದು ಸಾಯ್ತದೆ. ನಮ್ಮ ಮೈಯ ಜೀವಕಣಕ್ಕೆ ಅಂಥಾ ಗೋಡೆ ಇಲ್ಲ. ಅದಕ್ಕೇ ಇಷ್ಟು ವರ್ಷ ಹಾಕಿದ್ರೂ ನಿಮ್ಮ ಮಗಳಿಗೆ ಎಂತದೂ ಆಗಲಿಲ್ಲ.”

ಅಪ್ಪ ಸ್ವಲ್ಪ ಯೋಚಿಸಿ, ಈಗ ಬಂದದ್ದಕ್ಕೆ ಗೋಡೆ ಇಲ್ಲವೇ ಎಂದು ಕೇಳಿದರು.

“ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ಮನೆಯೂ ಇಲ್ಲ. ನಮ್ಮ ಕಣದ ಒಳಗೇ ಹೊಕ್ಕಿ, ನಮ್ಮ ಒಲೆ, ನಮ್ಮ ಪಾತ್ರೆಯಲ್ಲೇ ಅದರ ಅಡುಗೆ ಮಾಡ್ಕಳ್ತದೆ. ಬೇರೆ ಆಂಟಿಬಯೋಟಿಕ್ ಕೊಟ್ರೂ ಅಷ್ಟೇ. ಅವೆಲ್ಲಾ ಬ್ಯಾಕ್ಟೀರಿಯಾದ ಒಲೆಯೋ ಪಾತ್ರೆಯೋ ಒಡೆಯೂಕೆ ಇರೂದು. ವೈರಸ್ಸಿನ ಹತ್ರ ಒಡೆಯೂಕೆ ಎಂತದೂ ಇಲ್ಲ.”

“ಹಂಗಾರೆ ಅದನ್ನ ಓಡ್ಸೂದು ಯಾರು?”

“ಇವಳ ಮೈಯೇ. ನಾಲ್ಕು ದಿನ ಬೇಕು ಅದಕ್ಕೆ.”

ಅಪ್ಪ ನನ್ನನ್ನು ನೋಡಿದರು, ಸಿಸ್ಟರನ್ನು ನೋಡಿದರು, ಆತು ಎಂದರು. ಅವರಿಗೆ ಅರ್ಥವಾಗಿತ್ತು. ನನಗೆ ಅರ್ಥವಾಗಿದ್ದರೂ ಸಿಟ್ಟು ಹೋಗಿರಲಿಲ್ಲ. ಮನೆಗೆ ಬಂದು ಗಂಜಿ ಕುಡಿದು, ಜ್ವರದ ಮಾತ್ರೆ ನುಂಗಿ, ಪುಸ್ತಕ ಎದೆ ಮೇಲಿಟ್ಟುಕೊಂಡು ಮಲಗಿದೆ. ಪ್ರತಿ ಗಂಟೆಗೊಮ್ಮೆ ಮೊಣಕಾಲು ಒತ್ತಿ ನೋಡುತ್ತಿದ್ದೆ. ಐದನೇ ದಿನ ಬೆಳಿಗ್ಗೆ ಬೆವರಿ ಎಚ್ಚರಾದೆ, ಮೈ ತಂಪಾಗಿತ್ತು, ಹಸಿವಾಗಿತ್ತು. ಪರೀಕ್ಷೆ ಬರೆದು ಬಂದೆ. ಆ ಇಂಜೆಕ್ಷನ್ನಿನ ನೆರವಿಲ್ಲದೆ ನನ್ನ ಮೈ ತಾನಾಗಿ ಗೆದ್ದದ್ದನ್ನು ನಾನು ಅಂದೇ ಮೊದಲು ಗಮನಿಸಿದ್ದು. ಒಂಬತ್ತು ವರ್ಷ ನನ್ನ ಮೈಯನ್ನು ನಾನು ಕೆಟ್ಟುಹೋದ ಯಂತ್ರ ಎಂದೇ ತಿಳಿದಿದ್ದೆ. ಆವತ್ತಿನಿಂದ ಅದರ ಮೇಲೆ ಗೌರವ ಹುಟ್ಟಿತು.

ನನ್ನನ್ನು ನೋಡಲು ಬಂದ ಗಂಡುಗಳಿಗೆಲ್ಲ ನಾನೇ ಮೊದಲು ಕವಾಟದ ವಿಷಯ ಹೇಳುತ್ತಿದ್ದೆ. ಇಬ್ಬರು ಅವಲಕ್ಕಿ ತಿಂದು ಹೋದವರು ಮತ್ತೆ ಬರಲಿಲ್ಲ. ಮೂರನೆಯವರು ಗಣಪತಿ, ಹೊನ್ನಾವರದಲ್ಲಿ ನೀರಿನ ಪಂಪು ರಿಪೇರಿ ಅಂಗಡಿ ಇಟ್ಟವರು. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು, ಆ ಇಂಜೆಕ್ಷನ್ ತುಂಬಾ ನೋಯ್ತದಾ ಎಂದು. ನಾನು ಹೌದು ಎಂದೆ. ಮದುವೆಯಾದ ಮೇಲೆ ಇಂಜೆಕ್ಷನ್ ಇರುವ ದಿನ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದು ಆ ಅರ್ಧ ಗಂಟೆ ಕೂತಿರುತ್ತಾರೆ.

ಮಗು ಬೇಕು ಎಂದಾಗ ಮಂಗಳೂರಿನ ಹೃದಯದ ಡಾಕ್ಟ್ರು ಮತ್ತೆ ಎಲ್ಲ ಪರೀಕ್ಷೆ ಮಾಡಿದರು. ಇಷ್ಟು ವರ್ಷ ಒಂದೂ ಇಂಜೆಕ್ಷನ್ ತಪ್ಪಿಸದ ಕಾರಣ ಸೋರಿಕೆ ಹೆಚ್ಚಾಗಿಲ್ಲ, ಎಚ್ಚರಿಕೆಯಿಂದ ಮುಂದುವರಿಯಬಹುದು ಎಂದರು. ಬಸಿರಿಯಾಗಿದ್ದಾಗಲೂ ಇಂಜೆಕ್ಷನ್ ನಿಲ್ಲಲಿಲ್ಲ. ಸಾನ್ವಿ ಹುಟ್ಟಿದಳು, ಎರಡೂವರೆ ಕೆ.ಜಿ., ಕೂಗುವ ಗಂಟಲು ಮಾತ್ರ ಐದು ಕೆ.ಜಿ.ಯದ್ದು.

ಆ ಗಂಟಲಿಗೇ ಕಳೆದ ವರ್ಷ ನೋವು ಬಂತು. ಅವಳಿಗೆ ಆರು ವರ್ಷ, ಒಂದನೇ ಕ್ಲಾಸು. ಗುರುವಾರ ಮಧ್ಯಾಹ್ನ ಶಾಲೆಯಿಂದ ಬಂದವಳು ಊಟ ಬೇಡ ಎಂದಳು. ಮುಟ್ಟಿದರೆ ಸುಡುತ್ತಿತ್ತು. ಆ ವಾರ ಅಮ್ಮ ಬೆಳಕೆಯಿಂದ ಬಂದು ನಮ್ಮಲ್ಲಿದ್ದಳು. ಎಲ್ಲಿ ನೋಯ್ತದೆ ಪುಟ್ಟಿ ಎಂದು ಅಮ್ಮ ಕೇಳಿದಳು. ಸಾನ್ವಿ ಕುತ್ತಿಗೆ ಮುಟ್ಟಿ ತೋರಿಸಿದಳು. ಅಮ್ಮ ಕೈಯಲ್ಲಿದ್ದ ಅನ್ನದ ಬಟ್ಟಲನ್ನು ನೆಲದ ಮೇಲಿಟ್ಟು ಅಲ್ಲೇ ಕುಳಿತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒಂದು ಮಾತ್ರೆಯ ಶೀಟು ಹಿಡಿದುಕೊಂಡು ಬಂದಳು. ಗಣಪತಿಯವರಿಗೆ ಹಲ್ಲು ಕೀಳಿಸಿದಾಗ ಕೊಟ್ಟಿದ್ದ ಆಂಟಿಬಯೋಟಿಕ್, ನಾಲ್ಕು ಉಳಿದಿತ್ತು. ಉಳಿಸಬಾರದಿತ್ತು, ಪೂರ್ತಿ ನುಂಗಬೇಕಿತ್ತು, ಅದು ಬೇರೆ ಮಾತು.

“ಅರ್ಧ ಪುಡಿ ಮಾಡಿ ಜೇನಿನಲ್ಲಿ ಕೊಡೆ. ಈಗ್ಲೇ ಕೊಡು. ತಡ ಮಾಡ್ಬೇಡ.”

ಬ್ಯಾಕ್ಟೀರಿಯಾದ ಗೋಡೆ, ವೈರಸ್ಸಿನ ಇಲ್ಲದ ಮನೆ, ಎಲ್ಲವೂ ನನಗೆ ಬಾಯಿಪಾಠ. ಕಚೇರಿಯಲ್ಲಿ ಯಾರಾದರೂ ನೆಗಡಿಗೆ ಆಂಟಿಬಯೋಟಿಕ್ ನುಂಗಿದರೆ ನಾನೇ ಉಪದೇಶ ಮಾಡುವವಳು. ಆದರೂ ಆ ಕ್ಷಣ ನನ್ನ ಕೈ ಮುಂದೆ ಹೋಯಿತು, ಶೀಟು ತೆಗೆದುಕೊಂಡೆ. ನನ್ನ ಎದೆಯೊಳಗೆ ಕಲೆ ಉಳಿಸಿದ್ದೇ ಯಾರೂ ಔಷಧ ಕೊಡದ ಒಂದು ಗಂಟಲು ನೋವು. ನನ್ನ ಮಗಳ ಗಂಟಲು ನೋವಿಗೆ ಔಷಧ ಕೊಡದೆ ಇರುವುದು ಹೇಗೆ? ಗಣಪತಿ ಬಾಗಿಲಲ್ಲಿ ನಿಂತಿದ್ದರು. ನಾಳೆ ಬೆಳಿಗ್ಗೆ ಕುಮಟಾಕ್ಕೆ ಹೋಗಿ ಮಕ್ಕಳ ಡಾಕ್ಟ್ರಿಗೆ ತೋರಿಸುವಾ, ಅಲ್ಲಿವರೆಗೆ ಜ್ವರದ ಸಿರಪ್ ಸಾಕು ಎಂದರು. ನಾನು ಶೀಟನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋದರು, ಮನೆಗೆ ಮತ್ತೆ ತರಲಿಲ್ಲ.

ಶುಕ್ರವಾರ ನಾನು, ಅಮ್ಮ, ಸಾನ್ವಿ ಮೊದಲ ಬಸ್ಸಿಗೆ ಕುಮಟಾಕ್ಕೆ ಹೋದೆವು. ಕಾಯುವ ಕೋಣೆ ತುಂಬ ಕೆಮ್ಮುವ ಮಕ್ಕಳು. ನನ್ನ ಪಕ್ಕದ ತಾಯಿ, ಆಂಟಿಬಯೋಟಿಕ್ ಬರೆದುಕೊಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗುವುದೇ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು. ಹಿಂದಿನ ದಿನದ ಮಧ್ಯಾಹ್ನ ನಾನೂ ಅವಳೇ ಆಗಿದ್ದೆ, ಹಾಗಾಗಿ ಅವಳಿಗೆ ಏನೂ ಹೇಳಲಿಲ್ಲ.

ಡಾಕ್ಟ್ರು ನನ್ನ ವಯಸ್ಸಿನ ಹೆಂಗಸು. ಸಾನ್ವಿಗೆ ಬಾಯಿ ತೆರೆಸಿ ನೋಡಿದರು, ಕುತ್ತಿಗೆಯ ಎರಡೂ ಬದಿ ಒತ್ತಿದರು. ಕಣ್ಣು ಕೆಂಪಾಗಿದೆ, ಮೂಗು ಸೋರುತ್ತಿದೆ, ಕೆಮ್ಮಿದೆ, ದನಿ ಒಡೆದಿದೆ, ಗಂಟಲಲ್ಲಿ ಕೀವಿಲ್ಲ, ಗಂಟು ಊದಿಲ್ಲ, ವೈರಸ್ ಇರಬೇಕು ಎಂದರು. ನಾನು ನನ್ನ ಕವಾಟದ ಕತೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ನಿಮ್ಮ ಹೆದರಿಕೆಗೆ ಕಾರಣವಿದೆ, ಹಾಗಾಗಿ ಊಹೆ ಬೇಡ, ಪರೀಕ್ಷೆಯನ್ನೇ ಮಾಡಿಸುವಾ ಎಂದು ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲೊಳಗೆ ಒರೆಸಿ ಲ್ಯಾಬಿಗೆ ಕಳಿಸಿದರು. ನಡುವೆ ಭಾನುವಾರ ಬರುವುದರಿಂದ ವರದಿ ಸೋಮವಾರ ಬರುತ್ತದೆ, ಅಲ್ಲಿಯವರೆಗೆ ಆಂಟಿಬಯೋಟಿಕ್ ಬೇಡ, ವೈರಸ್ ಆಗಿದ್ದರೆ ಅದರಿಂದ ಪ್ರಯೋಜನವಿಲ್ಲ, ಮಗುವಿನ ಹೊಟ್ಟೆ ಕೆಡುತ್ತದೆ, ಮೈಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ, ಕೆಟ್ಟದ್ದು ಔಷಧಕ್ಕೆ ಪಳಗುತ್ತದೆ ಎಂದರು.

“ಸೋಮವಾರದೊಳಗೆ ಹೃದಯಕ್ಕೆ ಹೋದ್ರೆ?” ಎಂದು ನಾನು ಕೇಳಿದೆ.

“ಹೋಗೂದಿಲ್ಲ. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಪೆನಿಸಿಲಿನ್ ಕೊಟ್ರೂ ಅದನ್ನ ತಡೀಬಹುದು. ಇವತ್ತು ಎರಡನೇ ದಿನ. ನಮಗೆ ಸಮಯ ಉಂಟು.”

ಇಪ್ಪತ್ತೆರಡು ವರ್ಷದಲ್ಲಿ ಸಮಯವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಹೆಗಲು ತಾನಾಗಿ ಇಳಿಯಿತು. ಅಮ್ಮನ ಕಡೆ ತಿರುಗಿ ನೋಡಿದೆ. ಅವಳ ಮುಖ ಬಿಳಿಚಿಕೊಂಡಿತ್ತು.

ಶನಿವಾರ ಮಧ್ಯಾಹ್ನ ಸಾನ್ವಿಗೆ ನಿದ್ದೆ ಹತ್ತಿದ ಮೇಲೆ ಅಮ್ಮ ಹಿತ್ತಲ ಕಟ್ಟೆಯ ಮೇಲೆ ಬಸಳೆ ಸೋಸುತ್ತ ಕುಳಿತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ತಲೆ ಎತ್ತದೆ ಕೇಳಿದಳು.

“ಒಂಬತ್ತು ದಿನ ಇತ್ತನೇ?”

ನಾನೂ ಒಂದು ದಂಟು ಕೈಗೆ ತೆಗೆದುಕೊಂಡೆ.

“ನಿಂಗೆ ಜ್ವರ ಬಂದ ಮೂರನೇ ದಿನ ಅಪ್ಪಂಗೆ ಬುತ್ತಿ ತಕಂಡು ಹೋಗಿದ್ದೆ. ಬರೂವಾಗ ಸರ್ಕಾರಿ ದವಾಖಾನೆ ಮುಂದೇ ಬಂದೆ. ನಿನ್ನ ಕರ್ಕಂಡು ಬರೂವಾ ಅಂದ್ಕಂಡೆ. ಹೊರಗೆ ಜನ ಸಾಲು ಹಿಡ್ದು ನಿಂತಿದ್ರು. ಎಮ್ಮೆ ಕಟ್ಟೂಕೆ ಹೊತ್ತಾತು ಅಂತ ಸೀದಾ ಮನೆಗೆ ಬಂದೆ. ಮರುದಿನ ನಿಂಗೆ ಜ್ವರ ಬಿಡ್ತಲೆ. ಗುಣ ಆತು ಅಂದ್ಕಂಡೆ. ಡಾಕ್ಟ್ರು ಕೇಳ್ದಾಗ ನಂಗೆ ಎಲ್ಲಾ ನೆನಪಿತ್ತು. ಬಾಯಿ ಬರ್ಲಿಲ್ಲ.”

ಬಸಳೆಯ ದಂಟನ್ನು ಅವಳು ಮುರಿಯುತ್ತಲೇ ಇದ್ದಳು, ಸಾರಿಗೆ ಬಾರದಷ್ಟು ಸಣ್ಣ ಚೂರು. ಇಷ್ಟು ವರ್ಷ ಅವಳು ನನ್ನ ಇಂಜೆಕ್ಷನ್ ದಿನ ಒಮ್ಮೆಯೂ ಆಸ್ಪತ್ರೆಗೆ ಬಂದಿರಲಿಲ್ಲ. ಮದುವೆಯಾಗುವವರೆಗೆ ಯಾವಾಗಲೂ ಅಪ್ಪನೇ. ಅವಳಿಗೆ ಸೂಜಿ ಕಂಡರೆ ಆಗುವುದಿಲ್ಲ ಎಂದು ನಾನು ತಿಳಿದಿದ್ದೆ.

ನಾನು ಅವಳಿಗೆ ನನಗೆ ಗೊತ್ತಿದ್ದ ಸತ್ಯವನ್ನೇ ಹೇಳಿದೆ. ಮಕ್ಕಳಿಗೆ ಬರುವ ಗಂಟಲು ನೋವಿನಲ್ಲಿ ಹೆಚ್ಚಿನದು ವೈರಸ್ಸಿನದು. ಅದಕ್ಕೆ ಡಾಕ್ಟ್ರು ಹೇಳುವುದೂ ಬಿಸಿನೀರು, ಉಪ್ಪುನೀರು, ವಿಶ್ರಾಂತಿ. ನೀನು ಮಾಡಿದ್ದೂ ಅದನ್ನೇ. ಹತ್ತಾರು ಸಲ ಅದರಿಂದ ನಾನು ಗುಣವಾಗಿದ್ದೇನೆ. ಆ ಒಂದು ಸಲ ಬಂದದ್ದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಬಾಯಿ ತೆರೆಸಿ ನೋಡಿ ಹೇಳುವವರು ಬೇಕಿತ್ತು, ನಮ್ಮ ಮನೆಯಲ್ಲಿ ಅಂಥವರು ಇರಲಿಲ್ಲ.

“ನಿಂಗೆ ಸಿಟ್ಟಿಲ್ಲನೇ ನನ್ನ ಮೇಲೆ?”

“ನೀ ನನ್ನ ನಂಬದೇ ಮುಖ ನೋಡ್ತಿದ್ದೆ ಅಲಾ, ಕಾಲು ನೋವು ಅಂದ್ರೆ. ಅದಕ್ಕೆ ಇತ್ತು. ಈಗ ಇಲ್ಲ.”

ಅಮ್ಮ ಅಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, ಅದು ತಪ್ಪೇ, ಅದು ತಪ್ಪೇ ಎಂದಳು. ಆಮೇಲೆ ಇಬ್ಬರೂ ಸೇರಿ ಬಸಳೆ ಮುಗಿಸಿದೆವು.

ಭಾನುವಾರ ಬೆಳಿಗ್ಗೆ ಸಾನ್ವಿಯ ಜ್ವರ ಇಳಿಯಿತು. ಗಣಪತಿ ಖುಷಿಯಾದರು. ಆದರೆ ಅಮ್ಮನಿಗೆ ಹೆದರಿಕೆ ಹೆಚ್ಚಾದದ್ದೇ ಆಗ. ನನಗೂ ಹಾಗೆಯೇ ಇಳಿದಿತ್ತಲ್ಲ. ಮಗು ಎದ್ದು ಬಣ್ಣದ ಪೆನ್ಸಿಲು ಹಿಡಿದರೆ ಅಮ್ಮ ಅವಳ ಮಣಿಕಟ್ಟು ಮುಟ್ಟಿ ನೋಡುವಳು, ನಡೆದರೆ ಮೊಣಕಾಲು. ನಾನು ತಡೆಯಲಿಲ್ಲ. ನಾನೂ ಅದನ್ನೇ ಮಾಡುತ್ತಿದ್ದೆ, ಅವಳ ಕಣ್ಣು ತಪ್ಪಿಸಿ.

ಸೋಮವಾರ ಹನ್ನೊಂದಕ್ಕೆ ಕುಮಟಾದಿಂದ ಫೋನು ಬಂತು. ಆ ಬ್ಯಾಕ್ಟೀರಿಯಾ ಬೆಳೆದಿಲ್ಲ, ಔಷಧ ಬೇಕಿಲ್ಲ, ಶಾಲೆಗೆ ಕಳಿಸಿ ಎಂದರು. ಫೋನಿಗೆ ಬಂದ ವರದಿಯನ್ನು ಅಮ್ಮ ಎರಡು ಸಲ ಓದಿಸಿದಳು. ಇಂಗ್ಲಿಷಿನಲ್ಲಿದ್ದದ್ದನ್ನು ಹಾಗೇ ಓದು ಎಂದಳು, ಕನ್ನಡದಲ್ಲಿ ಹೇಳಿದರೆ ನಾನು ಏನಾದರೂ ಬಿಟ್ಟುಬಿಡುತ್ತೇನೆ ಎಂಬ ಹಾಗೆ. ಓದಿದೆ. ಆಮೇಲೆ ಅವಳು ಮೂರು ದಿನದಲ್ಲಿ ಮೊದಲ ಬಾರಿ ಹೊಟ್ಟೆ ತುಂಬ ಊಟ ಮಾಡಿದಳು.

ಗುರುವಾರ ನನ್ನ ಇಂಜೆಕ್ಷನ್ ಇತ್ತು. ತಾನೂ ಬರುತ್ತೇನೆ ಎಂದು ಅಮ್ಮನೇ ಚಪ್ಪಲಿ ಹಾಕಿಕೊಂಡಳು. ಮುಂಗೈ ಪರೀಕ್ಷೆಯಾದ ಮೇಲಿನ ಅರ್ಧ ಗಂಟೆ ನಮ್ಮಿಬ್ಬರ ನಡುವೆ ಕುಳಿತಳು, ಒಂದು ಬದಿ ನಾನು, ಒಂದು ಬದಿ ಗಣಪತಿ. ಒಳಗೆ ಬಂದು ನನ್ನ ಕೈ ಹಿಡಿದು ನಿಂತಳು. ಸೂಜಿ ಹೋಗುವಾಗ ಕಣ್ಣು ಮುಚ್ಚಿದ್ದು ಅವಳು.

ಒಂದು ತಿಂಗಳ ಮೇಲೆ ನಾನು ಬೆಳಕೆಗೆ ಹೋಗಿದ್ದೆ. ಒಳಗೆ ಬಟ್ಟೆ ಮಡಚುತ್ತಿದ್ದೆ. ಪಕ್ಕದ ಮನೆಯ ಸೊಸೆ ತನ್ನ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಇವಳಿಗೆ ನಿನ್ನೆಯಿಂದ ಗಂಟಲು ನೋವು, ಮೆಡಿಕಲ್ಲಿನಲ್ಲಿ ಯಾವುದಾದರೂ ಆಂಟಿಬಯೋಟಿಕ್ ತರಲೋ, ಕಷಾಯ ಸಾಕೋ ಎಂದು ಅಮ್ಮನನ್ನು ಕೇಳಿದಳು. ಅಮ್ಮ ಅವಳನ್ನು ಜಗಲಿಯಲ್ಲಿ ಕೂರಿಸಿದಳು. ಎರಡನ್ನೂ ನೀನು ಅಂದಾಜಿನಲ್ಲಿ ಮಾಡಬೇಡ, ಇವತ್ತೇ ಡಾಕ್ಟ್ರಿಗೆ ಬಾಯಿ ತೆರೆಸಿ ತೋರಿಸು, ಕೊಡು ಅಂದರೆ ಪೂರ್ತಿ ಕೊಡು, ಬೇಡ ಅಂದರೆ ಜಗಳ ಮಾಡದೆ ಬಾ ಎಂದಳು. ಸೊಸೆ ನಕ್ಕು, ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದಳು.

ನಾನು ಬಟ್ಟೆ ಮಡಚುವುದನ್ನು ನಿಲ್ಲಿಸಿದೆ. ನನಗೆ ಹೃದಯದ ಕಾಯಿಲೆ ಎಂದು ಊರಿಗೆಲ್ಲ ಗೊತ್ತಿತ್ತು. ಅದು ಹೇಗೆ ಬಂತು ಎಂದು ಅಮ್ಮ ಯಾರಿಗೂ ಹೇಳಿರಲಿಲ್ಲ.

“ನನ್ನ ಸವಿತಂಗೆ ಹಿಂಗೇ ಗಂಟಲು ನೋವು ಬಂದಿತ್ತು,” ಎಂದಳು ಅಮ್ಮ. “ದವಾಖಾನೆ ಮುಂದೆ ಹೋದವ್ಳು ಒಳಗೆ ಹೋಗ್ಲಿಲ್ಲ ನಾನು. ಆಗ ನಂಗೆ ಗೊತ್ತಿರ್ಲಿಲ್ಲ. ಕೂತ್ಕ, ಹೇಳ್ತೆ.”